ಎರಡೂ ಕಡೆ ಎಣಿಕೆಯಾದವಳು

ಅಂಕಿಅಂಶ ಕಚೇರಿಯ ಮೂರನೇ ಮಹಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಲೆಕ್ಕದಕ್ಕ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮೇಲಧಿಕಾರಿ ಕೂಡ, ವಯಸ್ಸಿನಲ್ಲಿ ಅಷ್ಟು ದೊಡ್ಡವರಾಗಿಯೂ, ನಾಚಿಕೆಯಿಲ್ಲದೆ ‘ಅಕ್ಕಾ’ ಅನ್ನುತ್ತಿದ್ದರು. ನಲವತ್ತೈದರ ಹೆಂಗಸು, ಕಡ್ಡಿಯಂಥ ಮೈ, ಮಾತಿಗೆ ಮುಂಚೆ ಹುಬ್ಬು ಏರಿಸುವ ಅಭ್ಯಾಸ. ಅವಳ ಎದುರು ಯಾರಾದರೂ ‘ಸುಮಾರು’ ಅಂದರೋ, ಕಥೆ ಮುಗಿಯಿತು. "ಸುಮಾರು ಅಂದ್ರೆ ಎಷ್ಟು? ಹೇಳಿ, ಎಷ್ಟು?" ಎಂದು ಹಿಡಿದುಕೊಂಡಳೆಂದರೆ ಆ ಮನುಷ್ಯ ಬೆವರುವ ತನಕ ಬಿಡುತ್ತಿರಲಿಲ್ಲ.

ಆ ವರ್ಷ ಅವಳ ಪಾಲಿಗೆ ಬಂದಿದ್ದ ಕೆಲಸ ಪಕ್ಕಪಕ್ಕದ ಎರಡು ದೇಶಗಳನ್ನು ತೂಗಿ ನೋಡುವುದು. ಒಂದು ಅವಳದೇ, ಇನ್ನೊಂದು ಹೊಳೆ ದಾಟಿದರೆ ಸಿಗುವುದು. ಯುರೋಪಿನ ನಕ್ಷೆಯ ಮೇಲೆ ಹೆಬ್ಬೆರಳಿಟ್ಟರೆ ಎರಡೂ ಮುಚ್ಚಿಹೋಗುತ್ತಿದ್ದವು. ಕಚೇರಿಯಲ್ಲಿ ಅವಕ್ಕೆ ‘ಈಚೆ’, ‘ಆಚೆ’ ಅಂತಲೇ ಹೆಸರು. ಐವತ್ತು ವರ್ಷಗಳಲ್ಲಿ ಈಚೆ ದುಡಿಯುವವರು ಎಷ್ಟಿದ್ದರು, ಆಚೆ ಎಷ್ಟಿದ್ದರು, ಯಾರು ಯಾವಾಗ ಯಾರನ್ನು ಹಿಂದೆ ಹಾಕಿದರು, ಇದನ್ನೆಲ್ಲ ಒಂದೇ ಕೋಷ್ಟಕದಲ್ಲಿ ಕೂರಿಸಿ ಎರಡು ಗೆರೆ ಎಳೆದು ಕೊಡಬೇಕು.

ದುಡಿಯುವವರು ಅಂದರೆ ಯಾರು ಅನ್ನುವುದಕ್ಕೂ ಒಂದು ನಿಯಮ ಉಂಟು. ಹಿಂದಿನ ವಾರದಲ್ಲಿ ಒಂದು ಗಂಟೆಯಾದರೂ ಕೂಲಿಗೋ ಸಂಬಳಕ್ಕೋ ಕೆಲಸ ಮಾಡಿದವರು, ಇಲ್ಲವೆ ಕೆಲಸ ಹುಡುಕಿಕೊಂಡು ಓಡಾಡಿದವರು. ಅಷ್ಟೇ. ಬೆಳಗಿನಿಂದ ಸಂಜೆವರೆಗೆ ಮನೆಯಲ್ಲಿ ಸೊಂಟ ನೆಟ್ಟಗೆ ಮಾಡದೆ ಗೇಯುವ ಹೆಂಗಸು ಈ ಲೆಕ್ಕಕ್ಕೆ ಇಲ್ಲ. ಕೇಳಿ ನಿಮಗೆ ಸಿಟ್ಟು ಬಂದರೆ ಬರಲಿ, ಲೆಕ್ಕದಕ್ಕನಿಗೂ ಬರುತ್ತಿತ್ತು. ಆದರೆ ನಿಯಮ ಬರೆದವಳು ಅವಳಲ್ಲವಲ್ಲ.

ಮೊದಲ ವರ್ಷ ಈಚೆಯ ಗೆರೆಯೂ ಆಚೆಯ ಗೆರೆಯೂ ಒಂದಕ್ಕೊಂದು ತಾಗಿಕೊಂಡೇ ಹೊರಟಿದ್ದವು. ಹದಿನೈದು ವರ್ಷ ಸರಿಯಾಗಿಯೇ ಇತ್ತು. ಹದಿನಾರನೇ ವರ್ಷ ಈಚೆ ಬಟ್ಟೆ ಗಿರಣಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಸಾವಿರಾರು ಜನ, ಹೆಚ್ಚಾಗಿ ಹೆಂಗಸರು, ಹೊಳೆ ದಾಟಿ ಆಚೆ ಕೆಲಸಕ್ಕೆ ಹೋದರು. ಆಚೆಯ ಗೆರೆ ಏರಿತು, ಏರಲೇಬೇಕು. ಈಚೆಯ ಗೆರೆ ಬೀಳಬೇಕಿತ್ತು, ಬೀಳಲಿಲ್ಲ. ನಾಲ್ಕು ವರ್ಷ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ.

ಮೇಲಧಿಕಾರಿ ಕನ್ನಡಕ ಹಣೆಗೇರಿಸಿ ಆ ಹಾಳೆ ನೋಡಿದರು.

"ಏನಕ್ಕಾ ಇದು? ಗಿರಣಿ ಮುಚ್ಚಿದೆ, ಜನ ಊರು ಬಿಟ್ಟಿದ್ದಾರೆ. ಗೆರೆಗೆ ವಿಷಯಾನೇ ಗೊತ್ತಿಲ್ವಾ?"

"ಗೆರೆಗೆ ಯಾರೂ ಹೇಳಿಲ್ಲ ಸಾರ್."

"ಅಂದ್ರೆ?"

"ಅಂದ್ರೆ, ಹೋದೋರನ್ನ ಆಚೆಯೋರೂ ಎಣಿಸಿದ್ದಾರೆ, ನಾವೂ ಎಣಿಸಿದ್ದೀವಿ. ಒಬ್ಬೊಬ್ಬಳು ಎರಡೆರಡು ಸಲ."

ಅದು ಅವಳಿಗೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ. ಗಿರಣಿ ಕೇರಿಯಲ್ಲಿ ಹುಟ್ಟಿದವರಿಗೆಲ್ಲ ಅದು ಗೊತ್ತಿದ್ದ ಗುಟ್ಟು. ಗಿರಣಿಯವರು ಕಟ್ಟಿಸಿಕೊಟ್ಟ ಮನೆಗಳವು. ಮನೆಯಲ್ಲಿ ಮೂರು ಜನರಿದ್ದರೆ ಎರಡು ಕೋಣೆ, ಇಬ್ಬರಿಗೆ ಒಂದೇ ಕೋಣೆ. ಮೂರು ತಿಂಗಳಿಗೊಮ್ಮೆ ಗಣತಿಯವರು ಚೀಲ ಹೆಗಲಿಗೇರಿಸಿಕೊಂಡು ಬಂದು "ಮನೇಲಿ ಯಾರ್ಯಾರಿದ್ದೀರಿ, ಯಾರ್ಯಾರು ದುಡೀತೀರಿ" ಎಂದು ಕೇಳುವಾಗ, ಇವರು ನೆಟ್ಟಗೆ ಹೋಗಿ ಮನೆ ಕೊಡುವ ಕಚೇರಿಗೆ ಚಾಡಿ ಹೇಳುತ್ತಾರೆ ಅನ್ನುವುದು ಕೇರಿಯ ಗಂಡಸರ ಗಟ್ಟಿ ನಂಬಿಕೆ. "ನೀವು ಹೇಳಿದ್ದನ್ನ ಯಾರಿಗೂ ಹೇಳಲ್ಲ, ಆಣೆ ಮಾಡಿದ್ದೀವಿ" ಎಂದು ಗಣತಿಯವರು ಬಾಯಿ ಬಡಿದುಕೊಂಡರೂ ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮನೆಯವರ ಪರವಾಗಿ ಒಬ್ಬರು ಉತ್ತರ ಹೇಳಿದರೆ ಸಾಕು ಅನ್ನುವುದು ಗಣತಿಯ ಪದ್ಧತಿ. ಹಾಗಾಗಿ ಬಾಗಿಲು ತಟ್ಟಿದಾಗೆಲ್ಲ ಒಂದೇ ಉತ್ತರ: ಇದ್ದಾಳೆ, ಮನೆಯಲ್ಲೇ ಹೊಲಿಗೆ ಹಾಕ್ತಾಳೆ, ವಾರಕ್ಕೆ ನಲವತ್ತು ಗಂಟೆ, ಈಗ ತಾನೆ ಅಂಗಡಿಗೆ ಹೋದಳು. ಇಡೀ ಕೇರಿಯ ಹೆಂಡತಿಯರು ಒಟ್ಟಿಗೇ ಅಂಗಡಿಗೆ ಹೋಗಿರುತ್ತಿದ್ದರು. ಅದ್ಯಾವ ಅಂಗಡಿಯೋ, ಹೋದವರು ಎರಡು ವರ್ಷವಾದರೂ ತಿರುಗಿ ಬರಲಿಲ್ಲ.

ಲೆಕ್ಕದಕ್ಕನ ಅಮ್ಮನೂ ಆ ಅಂಗಡಿಗೆ ಹೋದವರಲ್ಲಿ ಒಬ್ಬಳು.

ಅಪ್ಪ ಗಿರಣಿಯ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ, ಅಮ್ಮ ಅದೇ ಯಂತ್ರಗಳಲ್ಲಿ ಕಾಲರು ಹೊಲಿಯುತ್ತಿದ್ದಳು. ಅಮ್ಮನ ಯಂತ್ರ ವಾರಕ್ಕೆರಡು ಸಲ ಕೆಡುತ್ತಿತ್ತಂತೆ, ಮದುವೆಯಾದ ಮೇಲೆ ಒಂದು ಸಲವೂ ಕೆಡಲಿಲ್ಲವಂತೆ. ಗಿರಣಿಯಲ್ಲಿ ಎಲ್ಲರೂ ಇದನ್ನು ಹೇಳಿಕೊಂಡು ನಗುತ್ತಿದ್ದರು. ಗಿರಣಿ ಮುಚ್ಚಿದಾಗ ಲೆಕ್ಕದಕ್ಕನಿಗೆ ಹನ್ನೊಂದು ವರ್ಷ. ಆಚೆ ಹೊಲಿಯುವ ಹೆಂಗಸರು ಬೇಕಾಗಿದ್ದರು, ಯಂತ್ರ ರಿಪೇರಿಯವರು ಬೇಕಾಗಿರಲಿಲ್ಲ. ಎರಡು ವರ್ಷದ ಒಪ್ಪಂದಕ್ಕೆ ರುಜು ಹಾಕಿ ಅಮ್ಮ ಹೊರಟಳು. "ನೀನು ಏಳನೇ ಕ್ಲಾಸು ಮುಗಿಸೋ ಹೊತ್ತಿಗೆ ನಾನು ಬಾಗಿಲಲ್ಲಿರ್ತೀನಿ, ನೋಡ್ತಾ ಇರು," ಅಂದಿದ್ದಳು.

ಒಂದು ವರ್ಷ ವಾರಕ್ಕೊಂದು ಕಾಗದ ಬಂತು. ಆಮೇಲೆ ಮೂರು ವಾರ ಬರಲಿಲ್ಲ. ನಾಲ್ಕನೇ ವಾರ ಒಂದು ಸಂಜೆ ಅಪ್ಪ ಅಡುಗೆಮನೆಯ ಮೇಜಿನ ಹತ್ತಿರ ನಿಂತುಕೊಂಡೇ ಹೇಳಿದ:

"ಅಮ್ಮ ಅಲ್ಲೇ ಇದ್ದುಬಿಡ್ತಾಳಂತೆ ಪುಟ್ಟಿ. ಬರಲ್ವಂತೆ."

"ಯಾಕೆ?"

"ಅವಳಿಗೆ ಅಲ್ಲೇ ಚೆನ್ನಾಗಿದೆಯಂತೆ."

ಆ ಮಾತು ಹೇಳಿದಾಗ ಅಪ್ಪನ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಲೆಕ್ಕದಕ್ಕ ಎಷ್ಟೋ ಸಲ ಪ್ರಯತ್ನಪಟ್ಟಿದ್ದಳು. ನೆನಪಾಗುತ್ತಿರಲಿಲ್ಲ, ಅವಳು ಅಪ್ಪನ ಮುಖ ನೋಡಿಯೇ ಇರಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಗಬಗಬ ತಿಂದಳು, ಇನ್ನೊಂದು ಬಡಿಸಿಕೊಂಡು ಅದನ್ನೂ ತಿಂದಳು. ಮಾರನೇ ದಿನ ಅಮ್ಮನ ಕಾಗದಗಳನ್ನೆಲ್ಲ ಒಲೆಗೆ ಹಾಕಿದಳು. ಹದಿಮೂರು ತುಂಬಿದ ಹುಟ್ಟುಹಬ್ಬಕ್ಕೂ ಒಂದು ಸಾಲು ಬರಲಿಲ್ಲವೆಂದು, ಮನೆಯಲ್ಲಿದ್ದ ಒಂದೇ ಒಂದು ಫೋಟೋವನ್ನು ತೆಗೆದು ಚೂರು ಚೂರು ಮಾಡಿದಳು. ಆ ಹೆಂಗಸಿಗೆ ನನ್ನ ಮುಖ ಬೇಡ ಅಂದಮೇಲೆ ಅವಳ ಮುಖ ನನಗ್ಯಾಕೆ? ಹದಿಮೂರರ ಹುಡುಗಿಯ ನ್ಯಾಯ ಅದು. ನಲವತ್ತೈದರ ತನಕ ಅದೇ ನ್ಯಾಯ ಅವಳನ್ನು ಎತ್ತಿ ನಿಲ್ಲಿಸಿತ್ತು, ಓದಿಸಿತ್ತು, ಪರೀಕ್ಷೆ ಪಾಸು ಮಾಡಿಸಿತ್ತು. ಇಪ್ಪತ್ತೆಂಟರಲ್ಲಿ ಒಂದು ಸಲ ಕಚೇರಿಯ ಸಭೆಗೆಂದು ಆಚೆ ಹೋಗಿದ್ದಾಗ ಮೂರು ದಿನವೂ ದಾರಿಯಲ್ಲಿ ಸಿಕ್ಕ ಐವತ್ತು ದಾಟಿದ ಹೆಂಗಸರ ಮುಖವನ್ನೆಲ್ಲ ದಿಟ್ಟಿಸಿ ನೋಡಿದ್ದಳು. ಅಮ್ಮ ಸಿಕ್ಕರೆ ಅನ್ನಬೇಕಾದ ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟುಕೊಂಡಿದ್ದಳು. ಮುಖವೇ ನೆನಪಿಲ್ಲದೆ ಯಾರನ್ನು ಹುಡುಕುವುದು? ಮೂರನೇ ದಿನ ರೈಲಿನಲ್ಲಿ ಕೂತು ಎಲ್ಲ ಮಾತನ್ನೂ ನುಂಗಿಕೊಂಡು ವಾಪಸು ಬಂದಿದ್ದಳು.

ಅಪ್ಪನನ್ನು ಮಾತ್ರ ಅವಳು ಮತ್ತೆ ಕೇಳಲಿಲ್ಲ. ಹೆಂಡತಿ ಬಿಟ್ಟುಹೋದ ಗಂಡಸನ್ನು ಅದರ ಬಗ್ಗೆ ಕೆದಕಬಾರದು ಎಂದುಕೊಂಡಿದ್ದಳು. ಮದುವೆಯ ಮಾತು ಬಂದಾಗಲೂ "ಬಿಟ್ಟುಹೋಗೋ ರಕ್ತ ನಂದು, ಯಾಕೆ ಸುಮ್ನೆ" ಎಂದು ನಕ್ಕು ತಳ್ಳಿಹಾಕಿದ್ದಳು. ಅಪ್ಪ ಮಗಳು ಇಬ್ಬರೇ, ಅದೇ ಎರಡು ಕೋಣೆಯ ಮನೆಯಲ್ಲಿ.

ಮೇಲಧಿಕಾರಿಯ ಅಪ್ಪಣೆ ಹೀಗಿತ್ತು: ಆ ನಾಲ್ಕು ವರ್ಷದ ಗಣತಿ ಫಾರಂಗಳು ನೆಲಮಾಳಿಗೆಯಲ್ಲಿವೆ, ತೆಗೆಯಿರಿ. ಆಚೆಯವರು ತಮ್ಮಲ್ಲಿಗೆ ಬಂದ ಕೆಲಸಗಾರರ ಪಟ್ಟಿ ಕಳಿಸಿದ್ದಾರೆ, ಅದರ ಜೊತೆ ತಾಳೆ ಹಾಕಿ. ಎರಡೂ ಕಡೆ ಇರುವವರನ್ನು ಈಚೆಯಿಂದ ಹೊಡೆದುಹಾಕಿ. ಬೇಸಾಯದ ಊರುಗಳನ್ನು ಬಿಟ್ಟು ಗಿರಣಿ ಊರುಗಳನ್ನಷ್ಟೇ ನೋಡಿದರೆ ಸಾಕು.

ಹಾಗಂದಾಗಲೇ ಲೆಕ್ಕದಕ್ಕನಿಗೆ ಹೊಳೆಯಿತು. ಆಚೆಯ ಪಟ್ಟಿಯಲ್ಲಿ ಅಮ್ಮ ಇರಲೇಬೇಕು. ಎಷ್ಟು ವರ್ಷ ದುಡಿದಳು, ಯಾವ ಊರಲ್ಲಿ ಇದ್ದಳು, ಒಪ್ಪಂದ ಮುಗಿದಾಗ ‘ನಾನು ಇಲ್ಲೇ ಇರ್ತೀನಿ’ ಅಂತ ತನ್ನ ಕೈಯಾರೆ ಬರೆದಳೋ ಇಲ್ಲವೋ, ಎಲ್ಲಾ ಇರುತ್ತದೆ. ಮೂವತ್ತಮೂರು ವರ್ಷ ಹೊತ್ತ ಸಿಟ್ಟಿಗೆ ಒಂದು ಕಾಗದದ ಸಾಕ್ಷಿ ಸಿಕ್ಕರೆ ಸಾಕಿತ್ತು ಅವಳಿಗೆ. ಅಥವಾ, ಹೇಳಿಕೊಳ್ಳಲು ಅವಳಿಗೇ ನಾಚಿಕೆ, ಬರ್ತೀನಿ ಅಂದಿದ್ದಳು ಅನ್ನುವ ಒಂದೇ ಒಂದು ಸಾಲು ಸಿಕ್ಕರೂ ಸಾಕಿತ್ತು.

ನೆಲಮಾಳಿಗೆಯನ್ನು ನೋಡಿಕೊಳ್ಳುವವರನ್ನು ಕಚೇರಿಯವರೆಲ್ಲ ಪೆಟ್ಟಿಗೆ ಮಾಮ ಅನ್ನುತ್ತಿದ್ದರು. ಹಳೇ ಕಾಗದದ ಪೆಟ್ಟಿಗೆಗಳ ನಡುವೆ ಮೂವತ್ತು ವರ್ಷ ಕಳೆದ ಮನುಷ್ಯ. ಒಂಬತ್ತು ದಿನ ಅವರಿಬ್ಬರೂ ಸೇರಿ ಪೆಟ್ಟಿಗೆ ಇಳಿಸಿದರು, ಏರಿಸಿದರು, ಕೆಮ್ಮಿದರು. ಹತ್ತನೇ ದಿನ ಮಾಮ ಒಂದು ಪೆಟ್ಟಿಗೆಯ ಮೇಲಿನ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ಅಕ್ಕಾ, ಇದು ನಿಮ್ಮ ಕೇರಿದು. ಸ್ವಂತ ಕೇರಿ ಕಾಗದ ಮುಟ್ಟಬಾರದು ಅಂತ ನಿಯಮ ಇದೆಯಲ್ಲ. ಕೊಡಿ ಇಲ್ಲಿ, ಬೇರೆಯೋರ ಹತ್ರ ಮಾಡಿಸೋಣ."

"ಯಾರಿದ್ದಾರೆ ಬೇರೆಯೋರು? ನೀವಾ? ನಿಮಗೆ ಕಣ್ಣು ಕಾಣಲ್ಲ."

"ಕಣ್ಣು ಕಾಣಲ್ಲ, ನಿಜ. ನಿಯಮ ಕಾಣತ್ತೆ."

"ಫಾರಂ ಮೇಲೆ ಹೆಸರಿರಲ್ಲ ಮಾಮ, ಬರೀ ಮನೆ ನಂಬರು. ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ಒಂದು ಸೊನ್ನೆ ಆಚೀಚೆ ಮಾಡಿದ್ದೀನಾ ನಾನು?"

ಮಾಮ ಅವಳ ಮುಖ ನೋಡಿದರು. ಆ ಮುಖದ ಜೊತೆ ವಾದ ಮಾಡಿ ಗೆದ್ದವರು ಕಚೇರಿಯಲ್ಲಿ ಇರಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದರು.

ಮನೆ ನಂಬರು ಹದಿನೇಳು. ಆರು ಫಾರಂಗಳಿದ್ದವು, ಒಂದು ಮನೆಗೆ ಮೂರು ಮೂರು ತಿಂಗಳ ಅಂತರದಲ್ಲಿ ಆರು ಸಲ ಹೋಗಿ ಆಮೇಲೆ ಬೇರೆ ಮನೆ ಹಿಡಿಯುವುದು ಗಣತಿಯವರ ಪದ್ಧತಿ. ಮೊದಲ ಮೂರರಲ್ಲಿ ಒಂದೇ ಬರಹ, ಎಡಕ್ಕೆ ವಾಲಿದ ಸಣ್ಣ ಅಕ್ಷರ, ಯಾರೋ ಅಚ್ಚುಕಟ್ಟಿನ ಹೆಂಗಸಿನ ಕೈ. ಗಂಡ, ಮೂವತ್ತೆಂಟು. ಹೆಂಡತಿ, ಮೂವತ್ತನಾಲ್ಕು, ಮನೆಯಲ್ಲೇ ಹೊಲಿಗೆ, ವಾರಕ್ಕೆ ನಲವತ್ತು ಗಂಟೆ. ಮಗಳು, ಶಾಲೆ. ಲೆಕ್ಕದಕ್ಕನಿಗೆ ನಗು ಬಂತು. ಅಪ್ಪನೂ ಅಂಗಡಿಗೆ ಹೋದಳು ಅಂದಿದ್ದಾನೆ, ಎಲ್ಲರ ಹಾಗೆ.

ನಾಲ್ಕನೆಯ ಫಾರಂನಲ್ಲಿ ಹೆಂಡತಿಯ ಸಾಲಿನ ಮೇಲೆ ಅಡ್ಡಗೆರೆ ಎಳೆದಿತ್ತು. ಪಕ್ಕದ ಅಂಚಿನಲ್ಲಿ ಅದೇ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿತ್ತು:

‘ಹೆಂಡತಿ ಒಂದು ವರ್ಷದಿಂದ ಆಚೆ ಇದ್ದರು. ಎರಡು ತಿಂಗಳ ಹಿಂದೆ ಅಲ್ಲೇ ತೀರಿಕೊಂಡಿದ್ದಾರೆ. ಹಿಂದಿನ ಮೂರು ಉತ್ತರ ಸುಳ್ಳು ಎಂದು ಗಂಡನೇ ಒಪ್ಪಿಕೊಂಡರು. ಮಗಳಿಗೆ ವಿಷಯ ಗೊತ್ತಿಲ್ಲ. ಮುಂದಿನ ಸಲ ಬರುವವರು ದಯವಿಟ್ಟು ಮಗಳ ಎದುರು ಕೇಳಬೇಡಿ.’

ಲೆಕ್ಕದಕ್ಕ ಅದನ್ನು ಓದಿದಳು. ಮನೆ ನಂಬರು ನೋಡಿದಳು, ಹದಿನೇಳೇ. ಮತ್ತೆ ಓದಿದಳು. ಅಂಕಿ ತಪ್ಪಿರಬಹುದು ಎಂದು ಅನ್ನಿಸಿತು, ಜನ್ಮದಲ್ಲಿ ಮೊದಲ ಸಲ ಒಂದು ಅಂಕಿ ತಪ್ಪಾಗಿರಲಿ ಎಂದು ಆಸೆಪಟ್ಟಳು.

ಐದನೆಯದು ಬೇರೆಯವರ ಕೈಬರಹ, ದಪ್ಪ ಅಕ್ಷರ. ಹೆಂಡತಿ, ಮೂವತ್ತೈದು, ಹೊಲಿಗೆ, ನಲವತ್ತು ಗಂಟೆ. ಆರನೆಯದರಲ್ಲೂ ಅದೇ.

ಆ ಐದನೆಯ ಸಲ ಅವಳಿಗೆ ನೆನಪಿತ್ತು, ಪೂರ್ತಿ ನೆನಪಿತ್ತು. ಶಾಲೆಗೆ ರಜೆ. ಅವಳು ಮೇಜಿನ ಮೇಲೆ ಭಿನ್ನರಾಶಿ ಮಾಡುತ್ತ ಕೂತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಗಣತಿಯವನು ಬಂದು, ಹಿಂದಿನ ಫಾರಂ ತಿರುವಿ, "ಇಲ್ಲಿ ನಿಮ್ಮ ಹೆಂಡತಿಯ ಸಾಲು ಹೊಡೆದುಹಾಕಿದೆಯಲ್ಲ, ಯಾಕೆ?" ಎಂದ. ಅಂಚಿನಲ್ಲಿ ಬರೆದದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅಂಚಿನ ಬರಹ ಯಾರೂ ಓದುವುದಿಲ್ಲ, ಲೆಕ್ಕದಕ್ಕನೇ ಎಷ್ಟು ಸಲ ಓದದೆ ಬಿಟ್ಟಿದ್ದಳೋ. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಅದು ತಪ್ಪು. ಇದ್ದಾಳೆ. ದುಡೀತಾಳೆ. ನಲವತ್ತು ಗಂಟೆ ಅಂತ ಬರ್ಕೊಳ್ಳಿ," ಅಂದ. ಆಗ ಅವಳು ಪೆನ್ಸಿಲ್ ಎಸೆದು ಕಿರುಚಿದ್ದಳು: "ಯಾಕಪ್ಪಾ ಸುಳ್ಳು ಹೇಳ್ತೀಯ? ಅವಳು ಓಡಿಹೋಗಿದ್ದಾಳೆ ಅಂತ ಹೇಳು! ನಾಚಿಕೆ ಅವಳಿಗಾಗ್ಬೇಕು, ನಮಗ್ಯಾಕೆ?" ಗಣತಿಯವನು ಕಿವಿ ಕೆಂಪಾಗಿ ತಲೆ ತಗ್ಗಿಸಿ ನಲವತ್ತು ಎಂದು ಬರೆದುಕೊಂಡು ಹೋದ. ಅಪ್ಪ ಹಿತ್ತಲ ಮೆಟ್ಟಿಲ ಮೇಲೆ ಕತ್ತಲಾಗುವ ತನಕ ಕೂತಿದ್ದ. ಬಿಟ್ಟುಹೋದ ಹೆಂಡತಿಯ ಮಾನ ಕಾಪಾಡುತ್ತಾನಲ್ಲ, ಎಂಥಾ ಪುಕ್ಕಲ ನನ್ನಪ್ಪ ಎಂದು ಅವತ್ತು ಅವಳು ಅಂದುಕೊಂಡಿದ್ದಳು.

ಆಚೆಯ ಪಟ್ಟಿಯಲ್ಲಿ ಅಮ್ಮನನ್ನು ಹುಡುಕಲು ಎರಡು ನಿಮಿಷ ಸಾಕಾಯಿತು. ಹುಟ್ಟಿದ ದಿನ, ಊರು, ಕೇರಿ, ಮನೆ ಹದಿನೇಳು. ಕೆಲಸ: ಕಾಲರು ಹೊಲಿಗೆ. ಅವಲಂಬಿತರು: ಮಗಳು ಒಬ್ಬಳು. ಎರಡು ವರ್ಷದ ನಂತರ ಒಪ್ಪಂದ ಮುಂದುವರಿಸಬೇಕೆ ಎಂಬ ಕಾಲಂ ಇತ್ತು, ಅದನ್ನು ಸೇರಿದ ವರ್ಷವೇ ತುಂಬಿಸಿಕೊಳ್ಳುತ್ತಿದ್ದರಂತೆ. ಅಲ್ಲಿ ‘ಬೇಡ’ ಎಂದಿತ್ತು. ಕೊನೆಯ ಕಾಲಂ, ಕೆಲಸ ನಿಂತದ್ದಕ್ಕೆ ಕಾರಣ. ಮರಣ.

ಬೇಡ ಅಂದಿದ್ದಾಳೆ. ಅಯ್ಯೋ, ಎರಡು ವರ್ಷಕ್ಕಿಂತ ಒಂದು ದಿನವೂ ಹೆಚ್ಚು ಬೇಡ ಅಂತ ಮೊದಲೇ ಬರೆದುಕೊಟ್ಟಿದ್ದಾಳೆ. ಅವಳನ್ನು ಮೂವತ್ತಮೂರು ವರ್ಷ ಓಡಿಹೋದವಳು ಅಂದೆನಲ್ಲ, ಬಾಯಿಗೆ ಬಂದದ್ದನ್ನೆಲ್ಲ ಅಂದೆನಲ್ಲ. ಲೆಕ್ಕದಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು. ಅಳು ಬರಲಿಲ್ಲ.

ಪೆಟ್ಟಿಗೆ ಮಾಮ ಬಂದಾಗ ಅವಳು ಕೆಲಸ ಮುಗಿಸಿದ್ದಳು. ಬದುಕಿದ್ದಾಗ ಮೂರು ಸಲ ಅಮ್ಮ ಎರಡೂ ದೇಶಗಳಲ್ಲಿ ದುಡಿದಿದ್ದಳು. ಸತ್ತಮೇಲೂ ಎರಡು ಸಲ ಈಚೆ ವಾರಕ್ಕೆ ನಲವತ್ತು ಗಂಟೆ ದುಡಿದಿದ್ದಳು. ನಿಯಮದ ಪ್ರಕಾರ ಐದೂ ಕಡೆ ಅವಳನ್ನು ಹೊಡೆದುಹಾಕಬೇಕು. ಲೆಕ್ಕದಕ್ಕ ಕೆಂಪು ಪೆನ್ನಿನಿಂದ ಐದು ಗೆರೆ ಎಳೆದಿದ್ದಳು. ಒಂದೂ ಸೊಟ್ಟ ಆಗಿರಲಿಲ್ಲ.

"ನೀವು ಹೇಳಿದ್ದು ಸರಿ ಮಾಮ. ಮುಟ್ಟಬಾರದಿತ್ತು," ಅಂದಳು.

ಮಾಮ ಅವಳ ಕೋಟು ತಂದು ಕೊಟ್ಟರು, ಗುಂಡಿ ಹಾಕಿಕೊಳ್ಳಲು ಅವಳ ಬೆರಳು ತಡಕಾಡುವುದನ್ನು ನೋಡಿ ತಾವೇ ಹಾಕಿದರು.

ಮನೆಗೆ ಬರುವ ಬಸ್ಸಿನಲ್ಲಿ ಅವಳಿಗೆ ಇದ್ದದ್ದು ಒಂದೇ ಚಿಂತೆ. ಅಪ್ಪನನ್ನು ಹೇಗೆ ಕೇಳುವುದು? ಫಾರಂನಲ್ಲಿ ಓದಿದ್ದನ್ನು ಹೊರಗೆ ಬಾಯಿಬಿಟ್ಟರೆ ಆಣೆ ಮುರಿದಂತೆ. ಅಪ್ಪ ಹೇಳಿದ್ದನ್ನು ಅಪ್ಪನಿಗೇ ಹೇಳುವ ಹಾಗಿಲ್ಲ, ನೋಡಿ, ಎಂಥಾ ಚಂದದ ನಿಯಮ! ಸುಡಲಿ ನಿಯಮ ಎಂದು ಒಂದು ಸಲ ಅನ್ನಿಸಿತು. ಆದರೆ ಕೇರಿಗೆ ಕೇರಿಯೇ ನಂಬದಿದ್ದ ಆ ಆಣೆಯನ್ನು ನಂಬಿ ಅಪ್ಪ ಒಬ್ಬನೇ ಒಂದು ದಿನ ನಿಜ ಹೇಳಿದ್ದ. ಮನೆ ಕಳೆದುಕೊಳ್ಳುವ ಭಯವಿದ್ದರೂ ಹೇಳಿದ್ದ. ಹೇಳಿಕೊಳ್ಳಲು ಅವನಿಗೆ ಬೇರೆ ಯಾರಿದ್ದರು? ಅದನ್ನು ಮುರಿಯಲು ಅವಳಿಗೆ ಮನಸ್ಸು ಬರಲಿಲ್ಲ.

ಅಪ್ಪನಿಗೆ ಎಪ್ಪತ್ತೆರಡು. ಮಂಡಿನೋವು ಬಿಟ್ಟರೆ ಗಟ್ಟಿ. ಸಂಜೆಯ ಅಡುಗೆ ಅವನದೇ, ಮಗಳನ್ನು ಒಲೆ ಹತ್ತಿರ ಬಿಡುತ್ತಿರಲಿಲ್ಲ. ಅವಳು ಬಂದಾಗ ಆಲೂಗಡ್ಡೆ ಬೇಯುತ್ತಿತ್ತು, ಕಿಟಕಿಯ ಗಾಜು ಮಂಜಾಗಿತ್ತು. ಹೊರಗೆ ಇನ್ನೂ ಬೆಳಕಿತ್ತು.

"ಏನೇ ಪುಟ್ಟಿ, ಮುಖ ಹೀಗ್ಯಾಕಿದೆ? ಆಫೀಸಲ್ಲಿ ಯಾರಾದ್ರೂ ‘ಸುಮಾರು’ ಅಂದ್ರಾ?"

ಅವಳು ಕೋಟು ತೆಗೆಯದೆ ಮೇಜಿನ ಎದುರು ಕೂತಳು. ಚೀಲದಿಂದ ಒಂದು ಖಾಲಿ ಫಾರಂ ತೆಗೆದಳು, ಪೆನ್ನು ಬಿಚ್ಚಿದಳು.

"ಕೂತ್ಕೋ ಅಪ್ಪಾ. ಒಂದು ನಾಲ್ಕು ಪ್ರಶ್ನೆ ಕೇಳ್ತೀನಿ. ನೀನು ಹೇಳಿದ್ದನ್ನ ಯಾರಿಗೂ ಹೇಳಲ್ಲ. ಆಣೆ ಮಾಡಿದ್ದೀನಿ."

"ಮನೇಗೂ ತಂದ್ಯಾ ಕೆಲಸಾನ?" ಎಂದು ಅಪ್ಪ ನಕ್ಕ. ಆದರೂ ಚಮಚ ಕೆಳಗಿಟ್ಟು ಎದುರು ಬಂದು ಕೂತ.

"ಈ ಮನೇಲಿ ಯಾರ್ಯಾರಿದ್ದೀರಿ?"

"ನಾನು. ನೀನು."

"ಮೊದಲು ಇದ್ದು ಈಗ ಇಲ್ಲದೋರು?"

ಅಪ್ಪನ ನಗು ನಿಂತಿತು. "ಹೆಂಡತಿ," ಅಂದ.

"ಎಲ್ಲಿದ್ದಾರೆ?"

"ಆಚೆ."

"ಹೋದ ವಾರ ಒಂದು ಗಂಟೆಯಾದ್ರೂ ಕೆಲಸ ಮಾಡಿದ್ದಾರಾ?"

ಒಲೆಯ ಮೇಲಿನ ಪಾತ್ರೆ ಉಕ್ಕಿ ಸುರ್ ಅಂದಿತು. ಇಬ್ಬರೂ ಏಳಲಿಲ್ಲ. ಅಪ್ಪ ಅವಳ ಕೈಯಲ್ಲಿದ್ದ ಫಾರಂ ನೋಡಿದ, ಅವಳ ಮುಖ ನೋಡಿದ. ಮಗಳು ಎಲ್ಲಿ ಕೆಲಸ ಮಾಡುತ್ತಾಳೆ, ಹತ್ತು ದಿನದಿಂದ ಅವಳ ಬಟ್ಟೆಯಲ್ಲಿ ಹಳೇ ಕಾಗದದ ವಾಸನೆ ಯಾಕಿದೆ, ಎಲ್ಲ ಒಂದೇ ಸಲಕ್ಕೆ ಅವನಿಗೆ ಹೊಳೆದಿರಬೇಕು.

"ಇಲ್ಲ," ಅಂದ ಅಪ್ಪ. "ಎಂಟು ದಿನ ಜ್ವರ ಬಂತಂತೆ. ಕಾರ್ಖಾನೆಯೋರು ಕಾಗದ ಬರೆದಿದ್ರು. ಅದು ನನ್ನ ಕೈಗೆ ಬರೋ ಹೊತ್ತಿಗೆ ಎಲ್ಲಾ ಮುಗಿದುಹೋಗಿತ್ತು. ಎಲ್ಲಿ ಮಣ್ಣು ಮಾಡಿದ್ರು ಅಂತಾನೂ ನಂಗೊತ್ತಿಲ್ಲ ಪುಟ್ಟಿ. ಹೋಗಿ ನೋಡೋಣ ಅಂದ್ರೆ ನಿನ್ನ ಯಾರ ಹತ್ರ ಬಿಡ್ಲಿ? ಕರ್ಕೊಂಡು ಹೋದ್ರೆ ನಿಂಗೊತ್ತಾಗತ್ತೆ."

"ಗೊತ್ತಾದ್ರೆ ಏನಾಗ್ತಿತ್ತು?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಸತ್ತಳು ಅಂತ ಹೇಳೋ ಬದಲು ಬಿಟ್ಟುಹೋದ್ಲು ಅಂತ ಯಾಕಪ್ಪಾ ಹೇಳ್ದೆ?"

ಅಪ್ಪ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ನಂಗೊಬ್ಬ ತಮ್ಮ ಇದ್ದ," ಅಂದ. "ನಿಂಗೆ ಹೇಳಿಲ್ಲ. ನಮ್ಮಮ್ಮ ಸತ್ತಾಗ ಅವನಿಗೆ ಹತ್ತು ವರ್ಷ. ಊಟ ಬಿಟ್ಟ. ಬಾಯಿಗೆ ಹಾಕಿದ್ರೆ ಉಗುಳ್ತಿದ್ದ. ಬೈದ್ವಿ, ಬೇಡ್ಕೊಂಡ್ವಿ, ಏನೂ ಆಗ್ಲಿಲ್ಲ. ಎರಡು ತಿಂಗಳಲ್ಲಿ ಹೊರಟೇ ಹೋದ. ನೀನೂ ಅವನ ಥರಾನೇ ಇದ್ದೆ, ಕಡ್ಡಿ. ಅಮ್ಮನ ಕಾಗದ ಎರಡು ದಿನ ತಡ ಆದ್ರೆ ತಟ್ಟೆ ತಳ್ತಿದ್ದೆ. ಸತ್ತಳು ಅಂತ ಹೇಳೋಕೆ ಬಾಯಿ ತೆಗೆದೆ, ನಿನ್ನ ಕುತ್ತಿಗೆ ನೋಡ್ದೆ, ಇಷ್ಟು ಸಣ್ಣಗಿತ್ತು. ಹೇಳೋಕಾಗ್ಲಿಲ್ಲ. ಸಿಟ್ಟು ಬಂದೋರು ಊಟ ಬಿಡಲ್ಲ ಪುಟ್ಟಿ. ಸಿಟ್ಟಲ್ಲಿ ಎರಡು ತುತ್ತು ಜಾಸ್ತೀನೇ ತಿಂತಾರೆ. ಅದಕ್ಕೆ ಸಿಟ್ಟು ಬರೋ ಹಾಗೆ ಹೇಳ್ದೆ. ನೀನು ತಿಂದೆ."

"ಆಮೇಲೆ? ದೊಡ್ಡೋಳಾದ್ಮೇಲೆ?"

"ಒಂದು ವರ್ಷ ಆಗ್ಲಿ, ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಅವಳ ಫೋಟೋ ಹರಿದುಬಿಟ್ಟೆ. ಅದಾದ್ಮೇಲೆ ಹೇಗೆ ಹೇಳ್ಲಿ? ಹೇಳಿದ್ರೆ ಹರಿದಿದ್ದು ನೆನಪಾಗಿ ನೀನು ಸಾಯ್ತಿದ್ದೆ. ವರ್ಷ ಹೋದಷ್ಟೂ ಹೇಳೋದು ಕಷ್ಟ ಆಯ್ತು. ನೀನು ಅವಳನ್ನ ಬೈತಿದ್ದಾಗೆಲ್ಲ ನಾನು ಒಳಗೇ ಅವಳ ಹತ್ರ ಕ್ಷಮೆ ಕೇಳ್ತಿದ್ದೆ. ನಂದು ತಪ್ಪು, ಮಗು ತಪ್ಪಲ್ಲ ಅಂತ."

ಫಾರಂ ಮೇಲೆ ಅವಳು ಏನೂ ಬರೆದಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು.

"ಅವಳ ಮುಖ ಹೇಗಿತ್ತಪ್ಪಾ?"

ಅಪ್ಪ ಹೇಳಲು ಹೊರಟ. ಹಣೆ ಅಗಲ ಅಂದ, ಎಡಗಡೆ ಹುಬ್ಬಿನ ಹತ್ತಿರ ಒಂದು ಗಾಯದ ಗುರುತು ಅಂದ, ನಕ್ಕರೆ ಮೇಲಿನ ಹಲ್ಲು ಕಾಣಿಸುತ್ತಿತ್ತು ಅಂದ. ಆಮೇಲೆ ನಿಲ್ಲಿಸಿದ. ಅವನಿಗೂ ಅಷ್ಟೇ ನೆನಪಿದ್ದದ್ದು. ಒಂದು ಹಣೆ, ಒಂದು ಗಾಯ, ನಾಲ್ಕು ಹಲ್ಲು, ಇಷ್ಟನ್ನು ಸೇರಿಸಿ ಮುಖ ಮಾಡಿಕೊಳ್ಳಲು ಅವಳು ಕಣ್ಣು ಮುಚ್ಚಿ ಪ್ರಯತ್ನಪಟ್ಟಳು. ಆಗಲಿಲ್ಲ.

ಅಪ್ಪ ಎದ್ದು ಒಲೆ ಆರಿಸಿದ. ಅವನಿಗೆ ಬೇರೆ ಏನು ಮಾಡಬೇಕೆಂದು ತೋಚಲಿಲ್ಲ, ದಿನವೂ ಮಾಡುವುದನ್ನೇ ಮಾಡಿದ. ಎರಡು ತಟ್ಟೆ ತೆಗೆದ, ಆಲೂಗಡ್ಡೆ ಹಾಕಿದ, ಮೊಟ್ಟೆ ಸುಲಿದು ಇಟ್ಟ, ಅವಳ ಮುಂದೆ ಒಂದು ತಟ್ಟೆ ತಂದಿಟ್ಟ.

"ತಿನ್ನು ಪುಟ್ಟಿ."

ಅವಳು ಚಮಚ ಕೈಗೆ ತೆಗೆದುಕೊಂಡಳು. ತಟ್ಟೆಯನ್ನು ನೋಡಿದಳು. ಚಮಚವನ್ನು ಪಕ್ಕಕ್ಕಿಟ್ಟಳು.

"ಆಗ್ತಿಲ್ಲಪ್ಪಾ."

"ಒಂದು ತುತ್ತು. ಒಂದೇ ಒಂದು."

ಅವಳು ತಲೆ ಅಲ್ಲಾಡಿಸಿದಳು. ಈಗ ಅಳು ಬಂದಿತ್ತು, ಸದ್ದಿಲ್ಲದೆ, ಬಾಯಿ ಬಿಗಿದುಕೊಂಡು ಹನ್ನೆರಡರ ಹುಡುಗಿ ಅಳುವ ಹಾಗೆ. ಅಪ್ಪ ನೋಡುತ್ತಿದ್ದ. ಯಾವುದಕ್ಕೆ ಹೆದರಿ ಅವನು ಹೆಂಡತಿಯ ಹೆಸರು ಕೆಡಿಸಿದ್ದನೋ ಅದು ಕೊನೆಗೂ ಅವನ ಅಡುಗೆಮನೆಗೆ ಬಂದಿತ್ತು. ಮಂಡಿ ಹಿಡಿದುಕೊಂಡು ಎದ್ದು ಅವಳ ಪಕ್ಕಕ್ಕೆ ಬಂದ. ಆಲೂಗಡ್ಡೆಯನ್ನು ಚಮಚದಿಂದ ಹಿಸುಕಿ, ಆರಿಸಿ, ಅವಳ ಬಾಯಿಯ ಹತ್ತಿರ ಹಿಡಿದ.

"ನನ್ನ ಬೈಯೇ," ಅಂದ. "ಮುದುಕ, ಸುಳ್ಳ, ಏನು ಬೇಕಾದ್ರೂ ಅನ್ನು. ಅವಳಿಗೆ ಅಂದಿದ್ದನ್ನೆಲ್ಲ ನಂಗನ್ನು. ಸಿಟ್ಟು ಮಾಡ್ಕೋ ಪುಟ್ಟಿ, ತಿನ್ನು."

ಅವಳು ಅಪ್ಪನ ಮುಖ ನೋಡಿದಳು, ಬೈಯೋಣವೆಂದು ಬಾಯಿ ತೆರೆದಳು. ಸಿಟ್ಟು ಬರಲೇ ಇಲ್ಲ.